ಓದುಗರ ಪ್ರಶ್ನೆ, ತಜ್ಞರ ಉತ್ತರ: ಲೇಸರ್ ಸಿವಿಡಿಯಲ್ಲಿ ಆಕ್ಸೈಡ್ ತೆಳುಪದರ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಕಾಲೇಜು ಪ್ರಯೋಗಶಾಲೆಗಳಿಂದ ಲೇಸರ್ ಸಿವಿಡಿ (ಲೇಸರ್ ನೆರವಿನಿಂದ ಆವಿಯನ್ನು ಒಡೆದು ಪದರ ಕೂರಿಸುವ 'ಕೆಮಿಕಲ್ ವೇಪರ್ ಡೆಪೊಸಿಷನ್' ವಿಧಾನ) ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣವನ್ನು ಪೂರ್ತಿ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಒಟ್ಟಿಗೆ ಓದಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಪದರ ಸರಿಯಾಗಿ ಕೂರದಿದ್ದರೆ ಎಲ್ಲರೂ ಮೊದಲು ಲೇಸರ್ ಮೇಲೆ ಅನುಮಾನ ಪಡುತ್ತಾರೆ. ಹೆಚ್ಚಿನ ಸಲ ತಪ್ಪು ಇರುವುದು ಆವಿ ಸಾಗುವ ಕೊಳವೆಯಲ್ಲಿ.

ನಮ್ಮ ವಿಭಾಗದಲ್ಲಿ ತೆಳುಪದರ ಹಾಕಲು ಸ್ಪ್ರೇ ಪೈರಾಲಿಸಿಸ್ ಇದೆ, ಸೋಲ್-ಜೆಲ್ ಇದೆ. ಇಷ್ಟಿದ್ದೂ ಲೇಸರ್ ಸಿವಿಡಿ ಯಾಕೆ ಬೇಕು? ಸಾಮಾನ್ಯ ಸಿವಿಡಿಗೂ ಇದಕ್ಕೂ ಏನು ವ್ಯತ್ಯಾಸ?
— ಎಂ.ಎಸ್ಸಿ ಭೌತಶಾಸ್ತ್ರ ವಿದ್ಯಾರ್ಥಿನಿ, ಕಲಬುರಗಿ

ಸಾಮಾನ್ಯ ಸಿವಿಡಿಯಲ್ಲಿ ಇಡೀ ಸಬ್‌ಸ್ಟ್ರೇಟನ್ನೋ (ಪದರ ಕೂರುವ ತಳ) ಇಡೀ ಕುಲುಮೆಯನ್ನೋ ಕಾಯಿಸುತ್ತೇವೆ. ಲೋಹದ ಸಂಯುಕ್ತದ ಆವಿ ಬಿಸಿ ಮೇಲ್ಮೈಗೆ ತಗುಲಿ ಒಡೆಯುತ್ತದೆ, ಆಕ್ಸೈಡ್ ಅಲ್ಲೇ ಕೂರುತ್ತದೆ. ಈ ಸಂಯುಕ್ತವನ್ನು ಪ್ರಿಕರ್ಸರ್ ಅನ್ನುತ್ತಾರೆ. ಲೇಸರ್ ಸಿವಿಡಿಯಲ್ಲಿ ಬಿಸಿಯಾಗುವುದು ಕಿರಣ ಬಿದ್ದ ಜಾಗ ಮಾತ್ರ. ಚೇಂಬರಿನ ಗೋಡೆ ತಣ್ಣಗಿರುವುದರಿಂದ ಪ್ರಿಕರ್ಸರ್ ದಾರಿಯಲ್ಲೇ ಒಡೆದು ಹಾಳಾಗುವುದಿಲ್ಲ. ಬೇಕಾದ ಜಾಗಕ್ಕಷ್ಟೇ ಪದರ ಹಾಕಬಹುದು, ಕಿರಣ ಸರಿಸುತ್ತಾ ಹೋದರೆ ಗೆರೆಯನ್ನೂ ಎಳೆಯಬಹುದು.

ಇನ್ನೊಂದು ಲಾಭ ವೇಗ. ಬಿಸಿ ಜಾಗ ಚಿಕ್ಕದಾದಾಗ ಆವಿ ಮೇಲಿನಿಂದಲೂ ಸುತ್ತಲಿನಿಂದಲೂ ಹರಿದು ಬರುತ್ತದೆ, ಕೊರತೆ ಬೇಗ ಬೀಳುವುದಿಲ್ಲ. ಜಪಾನಿನ ಸೆಂಡೈ ನಗರದ ತೊಹೊಕು ವಿಶ್ವವಿದ್ಯಾಲಯದಲ್ಲಿ ತಕಾಶಿ ಗೋಟೊ ಅವರ ತಂಡ ನೂರಾರು ವ್ಯಾಟ್‌ ಮಟ್ಟದ ಎನ್‌ಡಿ-ಯಾಗ್ (ನಿಯೋಡಿಮಿಯಂ ಬೆರೆಸಿದ ಹರಳಿನ) ಲೇಸರಿನ ಅಗಲ ಕಿರಣ ಬಳಸಿ, ಯಿಟ್ರಿಯಾ (ಯಿಟ್ರಿಯಂ ಆಕ್ಸೈಡ್) ಬೆರೆಸಿದ ಜಿರ್ಕೋನಿಯಾ (ಜಿರ್ಕೋನಿಯಂ ಆಕ್ಸೈಡ್) ಪದರವನ್ನು ಗಂಟೆಗೆ 660 ಮೈಕ್ರಾನ್ ವೇಗದಲ್ಲಿ ಬೆಳೆಸಿ ತೋರಿಸಿದೆ. ಸಾಮಾನ್ಯ ಸಿವಿಡಿಯಲ್ಲಿ ಗಂಟೆಗೆ ಕೆಲವು ಮೈಕ್ರಾನ್, ಹೆಚ್ಚೆಂದರೆ ಕೆಲವು ಹತ್ತು ಮೈಕ್ರಾನ್ ಬೆಳೆಯುತ್ತದೆ.

ಇನ್ನೊಂದು ಬಗೆಯೂ ಇದೆ. 193 ನ್ಯಾನೊಮೀಟರಿನ ಆರ್ಗಾನ್ ಫ್ಲೋರೈಡ್ ಎಕ್ಸೈಮರ್ ಲೇಸರಿನಂತಹ ಅತಿನೇರಳೆ ಬೆಳಕಾದರೆ ಫೋಟಾನೇ ಪ್ರಿಕರ್ಸರಿನ ಬಂಧ ಕಡಿಯುತ್ತದೆ, ಅಷ್ಟೊಂದು ಶಾಖ ಬೇಡ. ಆದರೆ ನಿಮ್ಮ ಕೈಗೆ ಸಿಗುವುದು ಬಹುತೇಕ ಕಾರ್ಬನ್ ಡೈಆಕ್ಸೈಡ್ ಲೇಸರೋ ಎನ್‌ಡಿ-ಯಾಗೋ ಆಗಿರುತ್ತದೆ. ಹಾಗಾಗಿ ಮುಂದಿನ ಉತ್ತರಗಳೆಲ್ಲ ಶಾಖದಿಂದ ನಡೆಯುವ ಬಗೆಯ ಕುರಿತೇ ಇವೆ. ನಾಲ್ಕು ಇಂಚಿನ ಗಾಜಿಗೆ ಒಂದೇ ಸಮನಾದ ಪದರ ಮಾತ್ರ ಬೇಕಿದ್ದರೆ ನಿಮ್ಮ ಸ್ಪ್ರೇ ಪೈರಾಲಿಸಿಸೇ ಸಾಕು. ಅದಕ್ಕೆ ಲೇಸರ್ ಕೊಳ್ಳುವ ಅಗತ್ಯವಿಲ್ಲ.

40 ವ್ಯಾಟಿನ ಕಾರ್ಬನ್ ಡೈಆಕ್ಸೈಡ್ ಲೇಸರ್ ಟ್ಯೂಬ್ ಇದೆ. ಮೈಕ್ರೋಸ್ಕೋಪ್ ಸ್ಲೈಡ್ ಇಟ್ಟು 10 ವ್ಯಾಟ್ ಬಿಟ್ಟ ತಕ್ಷಣ ಸ್ಲೈಡ್ ಎರಡು ತುಂಡಾಯಿತು. ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್) ತುಂಡಿಗೆ ಅಷ್ಟೇ ಕೊಟ್ಟರೆ ಏನೂ ಆಗಲಿಲ್ಲ. ಎಷ್ಟು ವ್ಯಾಟ್ ಕೊಡಬೇಕು ಅಂತ ಮೊದಲೇ ಲೆಕ್ಕ ಹಾಕಲು ಬರುತ್ತದೆಯೇ?
— ಸಂಶೋಧನಾ ವಿದ್ಯಾರ್ಥಿ, ಆಳಂದ

ಬರುತ್ತದೆ, ಪ್ರತಿ ಸಲ ಹಾಕಲೇಬೇಕು. ದಪ್ಪ ತುಂಡಿನ ಮೇಲೆ ಗೌಸಿಯನ್ ಕಿರಣ (ನಡುವೆ ತೀವ್ರ, ಅಂಚಿಗೆ ಹೋದಂತೆ ಮಂದ) ನಿಂತಲ್ಲೇ ಬಿದ್ದರೆ ನಡುಬಿಂದುವಿನ ತಾಪಮಾನ ಏರಿಕೆ ಹೀಗೆ ಬರುತ್ತದೆ: ಹೀರಿಕೊಂಡ ವ್ಯಾಟನ್ನು 3.54, ಉಷ್ಣವಾಹಕತೆ, ಕಿರಣದ ತ್ರಿಜ್ಯ ಈ ಮೂರರ ಗುಣಲಬ್ಧದಿಂದ ಭಾಗಿಸಿ. ಇಲ್ಲಿ ತ್ರಿಜ್ಯ ಎಂದರೆ ತೀವ್ರತೆ ನಡುವಿನದರ ಶೇ. 37ಕ್ಕೆ ಇಳಿಯುವ ದೂರ. ಲೇಸರ್ ಮಾರುವವರು ಕೊಡುವ ತ್ರಿಜ್ಯ ಸಾಮಾನ್ಯವಾಗಿ ಶೇ. 13.5ರದ್ದು. ಅದನ್ನು 1.41ರಿಂದ ಭಾಗಿಸಿಕೊಳ್ಳಿ.

ಬಿಸಿಯಾದ ಅಲ್ಯುಮಿನಾದ ಉಷ್ಣವಾಹಕತೆಯನ್ನು ಮೀಟರ್-ಕೆಲ್ವಿನ್‌ಗೆ 10 ವ್ಯಾಟ್ ಅಂತ ಹಿಡಿಯೋಣ. ಕೋಣೆಯ ತಾಪಮಾನದಲ್ಲಿ ಅದು 30ರ ಆಸುಪಾಸು ಇರುತ್ತದೆ, ಬಿಸಿಯಾದಂತೆ ಇಳಿಯುತ್ತಾ ಹೋಗುತ್ತದೆ. ತ್ರಿಜ್ಯ ಅರ್ಧ ಮಿ.ಮೀ., 10 ವ್ಯಾಟಿನಲ್ಲಿ 9 ವ್ಯಾಟ್ ಹೀರಿಕೆ ಎಂದುಕೊಂಡರೆ ಏರಿಕೆ ಸುಮಾರು 500 ಡಿಗ್ರಿ. ಅದೇ 500 ಡಿಗ್ರಿ ಏರಿಕೆಗೆ ಫ್ಯೂಸ್ಡ್ ಸಿಲಿಕಾದಲ್ಲಿ (ಹರಳಲ್ಲದ ಶುದ್ಧ ಸಿಲಿಕಾ ಗಾಜು) ಒಂದೂವರೆ ವ್ಯಾಟ್ ಸಾಕು, ಯಾಕೆಂದರೆ ಅದರ ಉಷ್ಣವಾಹಕತೆ 1.4 ಮಾತ್ರ. ಸ್ಲೈಡಿನ ಸೋಡಾ-ಲೈಮ್ ಗಾಜಿನದು ಅದಕ್ಕಿಂತಲೂ ಕಡಿಮೆ, ಹಿಗ್ಗುವುದು ಮಾತ್ರ ಹದಿನೈದು ಪಟ್ಟಿಗಿಂತ ಹೆಚ್ಚು. 10 ವ್ಯಾಟಿಗೆ ಬಿಂದು ಕರಗುವಷ್ಟು ಕಾದಿದೆ, ಸುತ್ತಲಿನ ಗಾಜು ತಣ್ಣಗೇ ಇದೆ. ಒಡೆಯದೆ ಇನ್ನೇನಾದೀತು! ಸ್ಲೈಡನ್ನು ಈ ಕೆಲಸಕ್ಕೆ ಬಳಸಲೇಬೇಡಿ. 'ಕ್ವಾರ್ಟ್ಜ್' ಅಂತ ಕೇಳಿ ತರಿಸುವಾಗಲೂ ಅದು ಫ್ಯೂಸ್ಡ್ ಸಿಲಿಕಾವೇ ಎಂದು ಖಚಿತಪಡಿಸಿಕೊಳ್ಳಿ. ಹರಳಿನ ಕ್ವಾರ್ಟ್ಜ್ 573 ಡಿಗ್ರಿಯಲ್ಲಿ ರಚನೆ ಬದಲಿಸುವಾಗ ಸೀಳುತ್ತದೆ.

ಈ ಲೆಕ್ಕದಲ್ಲಿ ಬಹಳ ಮಂದಿ ಎಡವುವ ಜಾಗ ಒಂದಿದೆ. ತಾಪಮಾನ ನಿಂತಿರುವುದು ವ್ಯಾಟನ್ನು ತ್ರಿಜ್ಯದಿಂದ ಭಾಗಿಸಿದ ಸಂಖ್ಯೆಯ ಮೇಲೆ, ವಿಸ್ತೀರ್ಣದಿಂದ ಭಾಗಿಸಿದ ಸಂಖ್ಯೆಯ ಮೇಲಲ್ಲ. ಬಿಂದುವಿನ ತ್ರಿಜ್ಯ ಇಮ್ಮಡಿ ಮಾಡಿದರೆ ವ್ಯಾಟನ್ನೂ ಇಮ್ಮಡಿ ಮಾಡಿ. ನಾಲ್ಕು ಪಟ್ಟು ಕೊಟ್ಟರೆ ಸುಟ್ಟು ಹೋಗುತ್ತದೆ. ಇನ್ನು 1 ಮಿ.ಮೀ. ದಪ್ಪದ ತುಂಡಿಗೆ ಈ ಸೂತ್ರ ಅಂದಾಜು ಮಾತ್ರ. ಕೆಳಗೆ ಲೋಹದ ಹಿಡಿಕೆ ಗಟ್ಟಿಯಾಗಿ ತಾಗಿದ್ದರೆ ನಿಜವಾದ ಏರಿಕೆ ಕಡಿಮೆ, ಮೂರು ಮೊನೆಗಳ ಮೇಲೆ ಎತ್ತಿ ಕೂರಿಸಿದ್ದರೆ ಹೆಚ್ಚು. ಒಮ್ಮೆ ಹೇಗೆ ಕೂರಿಸಿದಿರೋ ಕೊನೆವರೆಗೂ ಹಾಗೇ ಕೂರಿಸಿ.

ಕಿರಣ ಒಳಹೋಗುವ ಚೇಂಬರಿನ ಕಿಟಕಿಯನ್ನೂ ನೋಡಿ. ಸಾದಾ ಕ್ವಾರ್ಟ್ಜ್ ಕಿಟಕಿ ಕಾರ್ಬನ್ ಡೈಆಕ್ಸೈಡ್ ಲೇಸರಿನ 10.6 ಮೈಕ್ರಾನ್ ಬೆಳಕನ್ನು ಒಳಗೆ ಬಿಡುವುದೇ ಇಲ್ಲ, ತಾನೇ ಕಾಯುತ್ತದೆ. ಜಿಂಕ್ ಸೆಲೆನೈಡ್ ಬೇಕು. ಲೇಪನವಿಲ್ಲದ ಜಿಂಕ್ ಸೆಲೆನೈಡ್ ಒಂದೊಂದು ಮುಖದಿಂದ ಶೇ. 17ರಷ್ಟು ಹಿಂದಕ್ಕೆ ಎಸೆಯುತ್ತದೆ, 10 ವ್ಯಾಟಿನಲ್ಲಿ ಒಳಗೆ ತಲಪುವುದು ಏಳು ಚಿಲ್ಲರೆ. ಪವರ್ ಮೀಟರನ್ನು ಕಿಟಕಿಯ ಆಚೆ ಇಟ್ಟು ಅಳೆಯಿರಿ.

ತಾಪಮಾನ ನಿಜಕ್ಕೂ ಎಷ್ಟಾಯಿತು ಅಂತ ತಿಳಿಯಲು ಥರ್ಮೋಕಪಲ್ ಮಣಿಯನ್ನು ಕಿರಣದಡಿ ಹಿಡಿಯಬೇಡಿ, ಮಣಿಯೇ ಕಿರಣ ಹೀರಿ ಸುಳ್ಳು ಹೇಳುತ್ತದೆ. 8ರಿಂದ 14 ಮೈಕ್ರಾನಿನ ಅಗ್ಗದ ಪೈರೋಮೀಟರಿಗೆ ಲೇಸರಿನ ಪ್ರತಿಫಲನವೇ ಕಾಣುತ್ತದೆ. ಇದಕ್ಕೊಂದು ಸುಲಭ ಉಪಾಯ ಉಂಟು. ಶುದ್ಧ ಸೋಡಿಯಂ ಕ್ಲೋರೈಡ್, ಪೊಟ್ಯಾಸಿಯಂ ಕ್ಲೋರೈಡ್ ಎರಡೂ 10.6 ಮೈಕ್ರಾನಿಗೆ ಪಾರದರ್ಶಕ. ಕಿರಣದಿಂದ ನೇರವಾಗಿ ಕಾಯದೆ ಕೆಳಗಿನ ಮೇಲ್ಮೈಯ ಬಿಸಿಗೆ ಮಾತ್ರ ಕರಗುತ್ತವೆ. ಪೊಟ್ಯಾಸಿಯಂನದು 770 ಡಿಗ್ರಿಗೆ, ಸೋಡಿಯಂನದು 801 ಡಿಗ್ರಿಗೆ. ಸಾಸಿವೆಗಿಂತ ಚಿಕ್ಕ ಒಂದೊಂದು ಹರಳನ್ನು ಅಲ್ಯುಮಿನಾ ಮೇಲೆ ಬಿಂದುವಿನ ನಡುವಿಗಿಟ್ಟು ಆರ್ಗಾನಿನಲ್ಲಿ ವ್ಯಾಟ್ ನಿಧಾನ ಏರಿಸಿ. ಹರಳಿನ ಚೂಪು ಅಂಚು ದುಂಡಗಾದ ಕ್ಷಣದ ವ್ಯಾಟ್ ಬರೆದಿಟ್ಟುಕೊಳ್ಳಿ. ಏರಿಕೆ ವ್ಯಾಟಿಗೆ ಹೆಚ್ಚುಕಡಿಮೆ ಅನುಪಾತದಲ್ಲಿರುವುದರಿಂದ ಕೆಳಗಿನ ತಾಪಮಾನಗಳನ್ನು ಅಂದಾಜಿಸಬಹುದು. ಆ ತುಂಡಿನ ಮೇಲೆ ಮತ್ತೆ ಪದರ ಬೆಳೆಸಬೇಡಿ, ಉಪ್ಪು ಒಳಗಿಳಿದಿರುತ್ತದೆ.

ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್) ಪದರಕ್ಕೆ ತಂದ ಪ್ರಿಕರ್ಸರ್, ಟೈಟಾನಿಯಂ ಐಸೊಪ್ರೊಪಾಕ್ಸೈಡ್, ಡಿಸೆಂಬರಿನಲ್ಲಿ ಬಾಟಲಿಯಲ್ಲೇ ಗಟ್ಟಿಯಾಗಿದೆ. ಕೆಟ್ಟಿತೆಂದು ಎಸೆಯಬೇಕೇ? ಬಬ್ಲರಿನ (ದ್ರವ ಪ್ರಿಕರ್ಸರಿನೊಳಗೆ ಆರ್ಗಾನ್ ಗುಳ್ಳೆ ಹರಿಸಿ ಆವಿ ಎತ್ತುವ ಪಾತ್ರೆ) ಮುಂದಿನ ಕೊಳವೆಯೂ ಪದೇ ಪದೇ ಕಟ್ಟಿಕೊಳ್ಳುತ್ತದೆ. ಒಂದು ದಿನ ಪದರ ಬರುತ್ತದೆ, ಮರುದಿನ ಅದೇ ಸೆಟ್ಟಿಂಗಿನಲ್ಲಿ ಬರುವುದಿಲ್ಲ.
— ರಸಾಯನಶಾಸ್ತ್ರ ಉಪನ್ಯಾಸಕರು, ಬೀದರ್

ಎಸೆಯಬೇಡಿ. ಅದರ ಕರಗುವ ಬಿಂದುವೇ 14ರಿಂದ 20 ಡಿಗ್ರಿಯೊಳಗೆ ಬರುತ್ತದೆ. ಬೀದರಿನ ಚಳಿಗಾಲದ ಬೆಳಗಿಗೆ ಹೆಪ್ಪುಗಟ್ಟುವುದು ಸಹಜ. ಮುಚ್ಚಳ ತೆಗೆಯದೆ, ಬಾಟಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ 35-40 ಡಿಗ್ರಿಯ ಬೆಚ್ಚನೆ ನೀರಿನಲ್ಲಿ ಅರ್ಧ ಗಂಟೆ ನಿಲ್ಲಿಸಿ. ತಿಳಿಯಾಗಿ ಕರಗಿದರೆ ಮಾಲು ಚೆನ್ನಾಗಿದೆ. ಕರಗಿದ ಮೇಲೂ ಹಾಲಿನ ಹಾಗೆ ಮಂಜಾಗಿದ್ದರೆ, ತಳದಲ್ಲಿ ಬಿಳಿ ಗಷ್ಟು ನಿಂತಿದ್ದರೆ ತೇವ ಒಳಗೆ ಹೋಗಿದೆ ಎಂದರ್ಥ. ಅಂಥದ್ದನ್ನು ಬಬ್ಲರಿಗೆ ಹಾಕಬೇಡಿ.

ಕೊಳವೆಯನ್ನು ಬಿಚ್ಚಿ ನೋಡಿದರೆ ಕಾರಣ ಅಲ್ಲೇ ಸಿಗುತ್ತದೆ. ಯಾವುದೋ ಒಂದು ಜಾಯಿಂಟಿನ ಸುತ್ತ ಮಾತ್ರ ಬಿಳಿ ಉಂಗುರ ಕಟ್ಟಿದ್ದರೆ ಗಾಳಿ ಒಳಗೆ ನುಗ್ಗುತ್ತಿರುವುದು ಅಲ್ಲಿಂದಲೇ. ಗಾಳಿಯ ತೇವಕ್ಕೆ ಪ್ರಿಕರ್ಸರ್ ಒಡೆದು ಟೈಟಾನಿಯಾ ಪುಡಿಯಾಗಿ ಕೂತಿರುತ್ತದೆ. ಬಿಚ್ಚಿದಾಗ ಎಣ್ಣೆಯಂತೆ ತಿಳಿ ದ್ರವ ಕಂಡು, ನೋಡುನೋಡುತ್ತಲೇ ಬೆಳ್ಳಗಾದರೆ ಆ ಜಾಗ ತಣ್ಣಗಿತ್ತು, ಆವಿ ಅಲ್ಲಿ ಇಳಿದು ನಿಂತಿತ್ತು. ಸಾಮಾನ್ಯವಾಗಿ ವಾಲ್ವಿನ ಹೊಟ್ಟೆ, ಮೊಣಕೈ ಫಿಟ್ಟಿಂಗ್, ಚೇಂಬರಿಗೆ ಸೇರುವ ಫ್ಲ್ಯಾಂಜ್ ಇವು ಮೂರೂ ಹೀಟಿಂಗ್ ಟೇಪಿನ ಕೈಗೆ ಸಿಗದೆ ತಪ್ಪಿಸಿಕೊಂಡಿರುತ್ತವೆ. ಬಬ್ಲರ್ 60 ಡಿಗ್ರಿ ಇದ್ದರೆ ಅಲ್ಲಿಂದ ಚೇಂಬರಿನವರೆಗೆ ಎಲ್ಲೂ 75-80ಕ್ಕಿಂತ ಕಡಿಮೆ ಇರಕೂಡದು. ಟೇಪಿನ ಮೇಲೆ ಅಲ್ಯುಮಿನಿಯಂ ಹಾಳೆ ಸುತ್ತಿ, ಥರ್ಮೋಕಪಲನ್ನು ಟೇಪಿಗೆ ತಾಗದಂತೆ ಲೋಹಕ್ಕೇ ಕಟ್ಟಿ. ಕಂದು-ಕಪ್ಪು ಕಲೆ ಕಂಡರೆ ಟೇಪ್ ಅಲ್ಲಿ ವಿಪರೀತ ಕಾದಿದೆ.

ತೊಳೆಯುವುದಾದರೆ ಮೊದಲು ನೀರಿಲ್ಲದ ಐಸೊಪ್ರೊಪೈಲ್ ಆಲ್ಕೊಹಾಲಿನಿಂದಲೇ ತೊಳೆಯಿರಿ. ಅಂಗಡಿಯ ಸಾದಾ ಸ್ಪಿರಿಟಿನಲ್ಲಿ ನೀರಿರುತ್ತದೆ, ಕೊಳವೆಯೊಳಗೇ ಜೆಲ್ ಕಟ್ಟಿಸಿಬಿಡುತ್ತದೆ. ಗಟ್ಟಿಯಾಗಿ ಹೋದ ಮೊಣಕೈಯನ್ನು ಕೆರೆಯುತ್ತಾ ಕೂರುವುದಕ್ಕಿಂತ ಹೊಸದು ಹಾಕುವುದು ಲೇಸು.

'ಅದೇ ಸೆಟ್ಟಿಂಗ್' ಅಂದಿರಲ್ಲ, ಅದರಲ್ಲಿ ಬಬ್ಲರಿನೊಳಗಿನ ಒತ್ತಡವನ್ನು ಬರೆದಿಟ್ಟಿದ್ದೀರಾ? ಅಳೆಯದೆ ಬಿಡುವ ಸಂಖ್ಯೆ ಅದೊಂದೇ, ಎಲ್ಲ ಏರುಪೇರು ಮಾಡುವುದೂ ಅದೇ. ಆರ್ಗಾನ್ ಎಷ್ಟು ಆವಿ ಹೊತ್ತೊಯ್ಯುತ್ತದೆ ಅನ್ನುವುದಕ್ಕೆ ಲೆಕ್ಕ ಇಷ್ಟು: ಆರ್ಗಾನ್ ಹರಿವನ್ನು ಪ್ರಿಕರ್ಸರಿನ ಆವಿ ಒತ್ತಡದಿಂದ ಗುಣಿಸಿ, ಬಬ್ಲರಿನ ಒಟ್ಟು ಒತ್ತಡದಲ್ಲಿ ಆವಿ ಒತ್ತಡ ಕಳೆದು ಉಳಿದದ್ದರಿಂದ ಭಾಗಿಸಿ. 63 ಡಿಗ್ರಿಯಲ್ಲಿ ಈ ಪ್ರಿಕರ್ಸರಿನ ಆವಿ ಒತ್ತಡ ಸುಮಾರು 1 ಟಾರ್. ಆರ್ಗಾನ್ 50 ಎಸ್‌ಸಿಸಿಎಂ (ಅನಿಲದ ಹರಿವಿನ ಅಳತೆ, ನಿಮಿಷಕ್ಕೆ ಇಷ್ಟು ಘನ ಸೆಂ.ಮೀ. ಎಂದು) ಇರಲಿ. ಬಬ್ಲರ್ 100 ಟಾರ್‌ನಲ್ಲಿದ್ದರೆ ಸಿಗುವ ಆವಿ ಅರ್ಧ ಎಸ್‌ಸಿಸಿಎಂ. 10 ಟಾರ್‌ಗೆ ಇಳಿದರೆ ಐದೂವರೆ, ಹನ್ನೊಂದು ಪಟ್ಟು! ಪಂಪ್ ಎಣ್ಣೆ ಹಳತಾಗಿದ್ದೋ ವಾಲ್ವ್ ಅರ್ಧ ಸುತ್ತು ಹೆಚ್ಚು ತಿರುಗಿದ್ದೋ ಸಾಕು, ನಿನ್ನೆಯ ಪದರ ಇವತ್ತು ಬರುವುದಿಲ್ಲ. ಬಬ್ಲರಿನ ಹೊರದಾರಿಯಲ್ಲಿ ಒಂದು ನೀಡಲ್ ವಾಲ್ವ್, ಅದರ ಹಿಂದೆ ಒಂದು ಕೆಪಾಸಿಟೆನ್ಸ್ ಗೇಜ್ ಹಾಕಿ, ಒತ್ತಡವನ್ನು ಒಂದೇ ಕಡೆ ಹಿಡಿದಿಡಿ.

ಅರ್ಧ ಎಸ್‌ಸಿಸಿಎಂ ಕಡಿಮೆಯಾಯಿತು ಅಂತ ಗಾಬರಿ ಬೇಡ. ಅರ್ಧ ಗಂಟೆಯಲ್ಲಿ ಅದು 50 ಮಿಲಿಗ್ರಾಂ ಟೈಟಾನಿಯಾ ಆಗುವಷ್ಟು ಟೈಟಾನಿಯಂ ತರುತ್ತದೆ. ಒಂದು ಚದರ ಸೆಂ.ಮೀ. ಜಾಗದಲ್ಲಿ ಒಂದು ಮೈಕ್ರಾನ್ ಅನಟೇಸ್ (ಟೈಟಾನಿಯಾದ ಒಂದು ಹರಳು ರೂಪ) ಪದರದ ತೂಕ 0.4 ಮಿಲಿಗ್ರಾಂ ಕೂಡ ಇಲ್ಲ.

ವಾಲ್ವುಗಳ ಕ್ರಮ ತಪ್ಪಿಸಬೇಡಿ. ಮೊದಲು ಆರ್ಗಾನನ್ನು ಬೈಪಾಸಿನಲ್ಲಿ ಹರಿಸಿ. ಆಮೇಲೆ ಬಬ್ಲರಿನ ಹೊರವಾಲ್ವನ್ನು ಬಹಳ ನಿಧಾನವಾಗಿ ತೆರೆಯಿರಿ. ಅವಸರ ಮಾಡಿದರೆ ಒಳಗೆ ಸಿಕ್ಕಿದ್ದ ಅನಿಲ ಒಮ್ಮೆಲೇ ಹಿಗ್ಗಿ ದ್ರವ ಉಕ್ಕಿ ಕೊಳವೆಗೆ ಬರುತ್ತದೆ. ಕೊನೆಗೆ ಒಳವಾಲ್ವ್ ತೆರೆದು ಬೈಪಾಸ್ ಮುಚ್ಚಿ. ನಿಲ್ಲಿಸುವಾಗ ಒಳವಾಲ್ವ್ ಮೊದಲು, ಹೊರವಾಲ್ವ್ ಆಮೇಲೆ. ಆರ್ಗಾನ್ ಸೇರಬೇಕಾದ್ದು ದ್ರವದೊಳಗೆ ಮುಳುಗಿದ ಉದ್ದ ಕೊಳವೆಗೆ. ಅದಲುಬದಲಾದರೆ ಇಡೀ ಪ್ರಿಕರ್ಸರ್ ದ್ರವರೂಪದಲ್ಲೇ ಚೇಂಬರಿನತ್ತ ಹೊರಡುತ್ತದೆ. ಜೋಡಿಸುವ ಮೊದಲು ಬಬ್ಲರಿನ ಎರಡೂ ಬಾಯಿಗೆ ಗುರುತು ಬಳಿದಿಡಿ.

ಸೋರಿಕೆ ಪರೀಕ್ಷೆ ಇಲ್ಲದೆ ಇಷ್ಟೆಲ್ಲ ವ್ಯರ್ಥ. ಚೇಂಬರನ್ನು ಪೂರ್ತಿ ಎಳೆದು, ಪಂಪ್ ವಾಲ್ವ್ ಮುಚ್ಚಿ, ಹತ್ತು ನಿಮಿಷ ಗೇಜ್ ನೋಡಿ. 10 ಲೀಟರ್ ಚೇಂಬರಿನಲ್ಲಿ 6 ಪಾಸ್ಕಲ್ ಏರಿದರೆ ಸೋರಿಕೆ ಸೆಕೆಂಡಿಗೆ 0.1 ಪಾಸ್ಕಲ್-ಲೀಟರ್, ಅಂದರೆ ಸುಮಾರು 0.06 ಎಸ್‌ಸಿಸಿಎಂ ಗಾಳಿ. ಅರ್ಧ ಎಸ್‌ಸಿಸಿಎಂ ಪ್ರಿಕರ್ಸರಿನ ಪಕ್ಕದಲ್ಲಿ ಇದು ಶೇ. 12. ಇದರ ಹತ್ತನೇ ಒಂದು ಭಾಗಕ್ಕೆ ಇಳಿಸುವವರೆಗೂ ಬಬ್ಲರ್ ತೆರೆಯಬೇಡಿ.

ಪದರ ಬರ್ತದ, ಆದ್ರ ಬೆರಳಿಂದ ಒರಸಿದ್ರ ಸುಣ್ಣದ ಪುಡಿ ಹಂಗ ಬಂದುಬಿಡ್ತದ. ನಡುವ ಒಂದು ಗುಂಡಿನೂ ಬೀಳ್ತದ. ಹಿಂಗ್ಯಾಕ ಆಗ್ಲಿಕತ್ತದ, ಸ್ವಲ್ಪ ಬಿಡಿಸಿ ಹೇಳ್ರಿ.
— ಪ್ರಯೋಗಾಲಯ ಸಹಾಯಕರು, ಜೇವರ್ಗಿ

ಪುಡಿ ಎಂದರೆ ಆಕ್ಸೈಡ್ ಮೇಲ್ಮೈಯಲ್ಲಿ ಹುಟ್ಟದೆ ಅದರ ಮೇಲಿನ ಅನಿಲದಲ್ಲೇ ಹುಟ್ಟಿ ಉದುರಿದೆ. ಆವಿ ಜಾಸ್ತಿ, ಒತ್ತಡ ಜಾಸ್ತಿ, ತಾಪಮಾನ ಜಾಸ್ತಿ ಇವುಗಳಲ್ಲಿ ಯಾವುದಾದರೂ ಒಂದು ಕಾರಣ. ಮೊದಲು ಚೇಂಬರಿನ ಒತ್ತಡ ಅರ್ಧಕ್ಕೆ ಇಳಿಸಿ ನೋಡಿ. ಆಗಲೂ ಪುಡಿಯಾದರೆ ಆರ್ಗಾನ್ ಹರಿವು ಕಡಿಮೆ ಮಾಡಿ. ವ್ಯಾಟಿಗೆ ಕೈ ಹಾಕುವುದು ಕೊನೆಗೆ. ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಟೈಟಾನಿಯಂ ಐಸೊಪ್ರೊಪಾಕ್ಸೈಡಿಗೆ ಬೇರೆ ಆಕ್ಸಿಜನ್ ಬೇಕಾಗುವುದಿಲ್ಲ. ಬೇಕಾದ ಆಕ್ಸಿಜನ್ ಅದರ ಅಣುವಿನಲ್ಲೇ ಇದೆ, ಒಡೆದಾಗ ಪ್ರೊಪಿಲೀನ್ ಮತ್ತು ನೀರಿನ ಆವಿ ಹೊರಹೋಗುತ್ತವೆ. ಆ ನೀರೂ ಬಂದ ಹೊಸ ಆವಿಯನ್ನು ಒಡೆಯುವುದರಿಂದ ಹಳೆಯ ಅನಿಲ ಬಿಂದುವಿನ ಮೇಲೆ ನಿಲ್ಲದಂತೆ ಹರಿವಿರಬೇಕು.

ಗುಂಡಿಯೂ ಅತಿ ಬಿಸಿಯ ಗುರುತೇ. ನಡುವೆ ಒಡೆಯುವ ವೇಗಕ್ಕೆ ಆವಿ ಪೂರೈಕೆ ಸಾಲುವುದಿಲ್ಲ, ಅಂಚಿನಲ್ಲಿ ಸಾಲುತ್ತದೆ. ಹಾಗಾಗಿ ಅಂಚು ದಪ್ಪವಾಗಿ ಜ್ವಾಲಾಮುಖಿಯ ಬಾಯಿಯಂತಾಗುತ್ತದೆ. ನಡುಬಿಂದು 50 ಡಿಗ್ರಿ ಇಳಿದರೆ ತುಂಬಿಕೊಳ್ಳುವುದುಂಟು. ಕಿರಣವನ್ನು ಸರಿಸುತ್ತಾ, ಗೆರೆಗಳು ಅರ್ಧರ್ಧ ಒಂದರ ಮೇಲೊಂದು ಬರುವಂತೆ ಓಡಿಸಿದರೆ ಇನ್ನೂ ಸಮನಾಗುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ಮೇಲೆ ಟೈಟಾನಿಯಾ ತಣಿಯುವಾಗ ಹಪ್ಪಳದ ಹಾಗೆ ಎದ್ದು ಬರುತ್ತದೆ. ಫ್ಯೂಸ್ಡ್ ಸಿಲಿಕಾ ಮೇಲೆ ಒಣಗಿದ ಕೆರೆಯಂಗಳದಂತೆ ಬಿರುಕು. ಗಂಟೆಗಟ್ಟಲೆ ನಿಧಾನವಾಗಿ ತಣಿಸಿದರೂ ಅಷ್ಟೇ.
— ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಶಹಾಪುರ

ನಿಧಾನವಾಗಿ ತಣಿಸಿದರೆ ಉಷ್ಣಾಘಾತ ತಪ್ಪುತ್ತದೆ, ಹಿಗ್ಗುವಿಕೆಯ ವ್ಯತ್ಯಾಸ ಎಲ್ಲಿಗೂ ಹೋಗುವುದಿಲ್ಲ. 304 ಸ್ಟೀಲ್ ಡಿಗ್ರಿಗೆ ಹತ್ತು ಲಕ್ಷದಲ್ಲಿ 17 ಪಾಲು ಹಿಗ್ಗುತ್ತದೆ, ಟೈಟಾನಿಯಾ ಸುಮಾರು 8, ಫ್ಯೂಸ್ಡ್ ಸಿಲಿಕಾ ಬರೇ ಅರ್ಧ ಪಾಲಿಗಿಂತ ತುಸು ಹೆಚ್ಚು. 500 ಡಿಗ್ರಿ ತಣಿದಾಗ ಸ್ಟೀಲ್ ಪದರಕ್ಕಿಂತ ಶೇ. 0.45 ಹೆಚ್ಚು ಕುಗ್ಗುತ್ತದೆ. ಪದರ ಒತ್ತಡಕ್ಕೆ ಸಿಕ್ಕಿ ಉಬ್ಬಿ ಏಳುತ್ತದೆ. ಸಿಲಿಕಾ ಮೇಲೆ ತಿರುವುಮುರುವು. ಅಲ್ಲಿ ಪದರ ಕುಗ್ಗಲು ಹೊರಟರೆ ತಳ ಬಿಡುವುದಿಲ್ಲ, ಎಳೆತಕ್ಕೆ ಸೀಳುತ್ತದೆ. ನೀವು ಬರೆದ ಎರಡು ಗುರುತುಗಳೂ ಪಾಠದಲ್ಲಿರಬೇಕಾದಷ್ಟು ಸ್ಪಷ್ಟವಾಗಿವೆ.

ಪರಿಹಾರ ಎರಡು. ತಳ ಬದಲಿಸಿ: ಅಲ್ಯುಮಿನಾ ಸುಮಾರು 8, ಟೈಟಾನಿಯಂ ತಗಡು 8.6, ಎರಡೂ ಟೈಟಾನಿಯಾಕ್ಕೆ ಒಪ್ಪುತ್ತವೆ. ಸ್ಟೀಲೇ ಬೇಕಿದ್ದರೆ 430 ದರ್ಜೆ ತೆಗೆದುಕೊಳ್ಳಿ, ಅದರದು 10-11. ಇಲ್ಲವಾದರೆ ಪದರ ತೆಳು ಮಾಡಿ. ಬಿರುಕಿಗೆ ಸಿಗುವ ಶಕ್ತಿ ದಪ್ಪಕ್ಕೆ ನೇರ ಅನುಪಾತದಲ್ಲಿದೆ, ಎರಡು ಮೈಕ್ರಾನಿನಲ್ಲಿ ಸೀಳುವುದು ಅರ್ಧ ಮೈಕ್ರಾನಿನಲ್ಲಿ ನಿಂತೀತು.

ಕಾರ್ಬನ್ ಡೈಆಕ್ಸೈಡ್ ಲೇಸರಿಗೆ ಹೊಳೆಯುವ ಲೋಹ ಒಂದು ಬಲೆ. ಮೊದಲಿಗೆ ಸ್ಟೀಲ್ ಶೇ. 10ರ ಆಸುಪಾಸು ಮಾತ್ರ ಹೀರುತ್ತದೆ, ನೀವು ವ್ಯಾಟ್ ಏರಿಸುತ್ತೀರಿ. ಆಕ್ಸೈಡ್ ಪದರ ದಪ್ಪವಾಗುತ್ತಿದ್ದಂತೆ ಹೀರಿಕೆ ಏರಿ ತಾಪಮಾನ ನೆಗೆಯುತ್ತದೆ. ಪದರ ಕಂಡ ಕೂಡಲೇ ವ್ಯಾಟ್ ಇಳಿಸಲು ಸಿದ್ಧರಿರಿ.

ಅಲ್ಯುಮಿನಾ ಮೇಲೆ ಬೆಳೆಸಿದ ಪದರದ ಎಕ್ಸ್‌ರೇ ಡಿಫ್ರಾಕ್ಷನ್‌ನಲ್ಲಿ 25.5 ಡಿಗ್ರಿಯ ಹತ್ತಿರ ಶಿಖರ ಬಂದಿದೆ. ಅನಟೇಸ್ ಎಂದು ಬರೆಯಬಹುದೇ?
— ಸಂಶೋಧಕಿ, ಕಲಬುರಗಿ

ಅಷ್ಟರಿಂದಲೇ ಬರೆಯಬೇಡಿ. ತಾಮ್ರದ ಎಕ್ಸ್‌ರೇಗೆ ಅನಟೇಸಿನ ಮುಖ್ಯ ಶಿಖರ 25.3ರಲ್ಲಿ, ಅಲ್ಯುಮಿನಾ ತಳದ್ದೇ ಒಂದು ಶಿಖರ 25.6ರಲ್ಲಿ ಬರುತ್ತದೆ. ಪದರವಿಲ್ಲದ ತುಂಡನ್ನೂ ಅಳೆದು ಪಕ್ಕದಲ್ಲಿಡಿ, 48 ಡಿಗ್ರಿಯ ಅನಟೇಸ್ ಶಿಖರ ಇದೆಯೇ ನೋಡಿ. ಟೈಟಾನಿಯಾದ ಇನ್ನೊಂದು ಹರಳು ರೂಪವಾದ ರೂಟೈಲ್ ಆದರೆ 27.4ರಲ್ಲಿ ಕಾಣುತ್ತದೆ. ರಾಮನ್ ಮಾಪನ (ಚದುರಿದ ಬೆಳಕಿನಿಂದ ಹರಳು ಗುರುತಿಸುವ ವಿಧಾನ) ಸಿಕ್ಕರೆ ಕೆಲಸ ಸಲೀಸು: ಅನಟೇಸ್ 144 ಸೆಂ.ಮೀ.⁻¹ರಲ್ಲಿ ಬಲವಾದ ಗೆರೆ ಕೊಡುತ್ತದೆ, ರೂಟೈಲ್ 447 ಮತ್ತು 612ರಲ್ಲಿ. ಲೇಸರ್ ಬಿಂದುವಿನ ನಡುವೆ ರೂಟೈಲ್, ಅಂಚಿನಲ್ಲಿ ಅನಟೇಸ್ ಬರುವುದು ಸಾಮಾನ್ಯ. ಒಂದೇ ಜಾಗದಲ್ಲಿ ಅಳೆದು ಬಿಡಬೇಡಿ.

ಏಪ್ರಿಲ್ ಬಂತೆಂದರೆ ಲೇಸರ್ ಪವರ್ ಮಧ್ಯಾಹ್ನದ ಹೊತ್ತಿಗೆ ಕುಸಿಯುತ್ತದೆ. ಮಳೆಗಾಲದಲ್ಲಿ ಟ್ಯೂಬಿನ ತುದಿಯಲ್ಲಿ ಕಿಡಿ ಹಾರುತ್ತದೆ. ಕರೆಂಟ್ ಹೋದರೆ ಮೊದಲು ಏನು ಮುಚ್ಚಬೇಕು?
— ಉಪನ್ಯಾಸಕರು, ಚಿತ್ತಾಪುರ

ನಿಮ್ಮ ಚಿಲ್ಲರ್ (ಟ್ಯೂಬಿನ ನೀರು ತಣಿಸುವ ಯಂತ್ರ) ಯಾವ ಬಗೆಯದು ನೋಡಿ. ಸಿಡಬ್ಲ್ಯೂ-3000 ಮಾದರಿ ಬರೇ ರೇಡಿಯೇಟರ್ ಮತ್ತು ಫ್ಯಾನ್, ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲು ಅದಕ್ಕೆ ಬರುವುದಿಲ್ಲ. ಹೊರಗೆ 42 ಡಿಗ್ರಿ ಇರುವಾಗ ಟ್ಯೂಬಿಗೂ ಬಿಸಿ ನೀರೇ. ಕಂಪ್ರೆಸರ್ ಇರುವ ಸಿಡಬ್ಲ್ಯೂ-5000 ತರಹದ್ದೇ ನಮ್ಮ ಭಾಗಕ್ಕೆ ತಕ್ಕದ್ದು. ಪವರ್ ಶೇ. 10 ಇಳಿದರೆ ಏನಾದೀತು ಅನ್ನಿಸಬಹುದು. ಏರಿಕೆ 300 ಡಿಗ್ರಿ ಇದ್ದದ್ದು 270 ಆಗುತ್ತದೆ, ಬಿಂದು 330ರಿಂದ 300ಕ್ಕೆ. ಸಕ್ರಿಯಕ ಶಕ್ತಿ (ಪ್ರತಿಕ್ರಿಯೆ ಶುರುವಾಗಲು ಬೇಕಾದ ಶಕ್ತಿ) ಮೋಲಿಗೆ 100 ಕಿಲೋಜೂಲ್ ಎಂದು ಹಿಡಿದರೆ ಬೆಳವಣಿಗೆಯ ವೇಗ ಮೂರರಲ್ಲಿ ಒಂದು ಪಾಲಿಗೆ ಬೀಳುತ್ತದೆ.

ಮಳೆಗಾಲದ ಕಿಡಿಗೆ ಕಾರಣ ಚಿಲ್ಲರನ್ನು 16-18ಕ್ಕೆ ಇಟ್ಟಿರುವುದು. ಹೊರಗಿನ ಗಾಳಿಯ ತೇವ ಟ್ಯೂಬಿನ ಮೇಲೂ ಹೈವೋಲ್ಟೇಜ್ ತುದಿಯ ಮೇಲೂ ಹನಿಗಟ್ಟುತ್ತದೆ. ಜುಲೈ-ಆಗಸ್ಟಿನಲ್ಲಿ 25ಕ್ಕೆ ಇಡಿ. ಬೋರ್‌ವೆಲ್ ನೀರು ಬೇಡವೇ ಬೇಡ. ನಮ್ಮದು ಸುಣ್ಣಕಲ್ಲಿನ ನೆಲ, ಉಪ್ಪಿನಂಶ ವಿದ್ಯುತ್ತನ್ನೂ ಸಾಗಿಸುತ್ತದೆ, ಟ್ಯೂಬಿನೊಳಗೆ ಕರೆಯೂ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಹಾಕಿ.

ಕರೆಂಟ್ ಹೋದಾಗ ಕೈಯಿಂದ ಓಡಿ ಮುಚ್ಚುವ ಪರಿಸ್ಥಿತಿಯೇ ಇರಬಾರದು. ಬಬ್ಲರಿನ ಎರಡೂ ಕಡೆ, ಪಂಪಿನ ಬಾಯಲ್ಲಿ ವಿದ್ಯುತ್ ತಪ್ಪಿದರೆ ತಾವೇ ಮುಚ್ಚುವ ವಾಲ್ವ್ ಇರಲಿ, ಇಲ್ಲವಾದರೆ ಪಂಪಿನ ಎಣ್ಣೆ ಚೇಂಬರಿಗೆ ಹಿಮ್ಮುಖ ಹರಿಯುತ್ತದೆ. ನೀರಿನ ಹರಿವು ನಿಂತರೆ ಲೇಸರ್ ಆರುವಂತೆ ಫ್ಲೋ ಸ್ವಿಚ್ ಜೋಡಿಸಿ. ಕರೆಂಟ್ ಮರಳಿದಾಗ ಲೇಸರ್ ತಾನಾಗಿ ಹೊತ್ತಿಕೊಳ್ಳಬಾರದು.

ಬಿದರಿ ಸಾಮಾನಿನ ಬೆಳ್ಳಿ ಕಪ್ಪಾಗದಂತೆ ಲೇಸರಿನಿಂದ ಪಾರದರ್ಶಕ ಅಲ್ಯುಮಿನಾ ಪದರ ಕೊಡಬಹುದೇ?
— ಬಿದರಿ ಕೆಲಸದ ಮನೆತನದ ಓದುಗರು, ಬೀದರ್

ಶಾಖದ ಲೇಸರಿನಿಂದ ಆಗದು. ಬಿದರಿಯ ಮೈ ಬಹುಪಾಲು ಸತು, ಜೊತೆಗೆ ಸ್ವಲ್ಪ ತಾಮ್ರ. ಸತು 419 ಡಿಗ್ರಿಗೆ ಕರಗುತ್ತದೆ, ನಿರ್ವಾತದಲ್ಲಿ ಅದಕ್ಕೂ ಬಹಳ ಮೊದಲೇ ಆವಿಯಾಗಿ ಹೋಗುತ್ತದೆ. ಕೋಟೆಯ ಮಣ್ಣು, ನವಸಾಗರ ಹಚ್ಚಿ ತಂದ ಆ ಕಪ್ಪು ಕೆಡುವ ಅಪಾಯವೂ ಇದೆ. ಬೆಳ್ಳಿಗೆ ಅಲ್ಯುಮಿನಾ ಕೊಡುವ ತಣ್ಣನೆಯ ದಾರಿ ಅಟಾಮಿಕ್ ಲೇಯರ್ ಡೆಪೊಸಿಷನ್ (ಪರಮಾಣುಗಳನ್ನು ಪದರ ಪದರವಾಗಿ ಕೂರಿಸುವ ವಿಧಾನ). ಅಮೆರಿಕದ ಬಾಲ್ಟಿಮೋರಿನ ವಾಲ್ಟರ್ಸ್ ಕಲಾ ಸಂಗ್ರಹಾಲಯ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ ಬೆಳ್ಳಿ ಕಲಾವಸ್ತುಗಳ ರಕ್ಷಣೆಗೆ ಇದನ್ನೇ ಅಧ್ಯಯನ ಮಾಡಿವೆ. ಆದರೆ ಅದರಲ್ಲಿ ಬಳಸುವ ಟ್ರೈಮಿಥೈಲ್ ಅಲ್ಯುಮಿನಿಯಂ ಗಾಳಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಮನೆ ಕಾರ್ಖಾನೆಯಲ್ಲಿ ಮುಟ್ಟುವ ವಸ್ತುವಲ್ಲ. ನಿಮ್ಮ ಕೆಲಸಕ್ಕೆ ಸಂಗ್ರಹಾಲಯದವರು ಬಳಸುವ ಪ್ಯಾರಲಾಯ್ಡ್ ಬಿ-72 ತರಹದ ಅಕ್ರಿಲಿಕ್ ಲ್ಯಾಕರ್ ಸಾಕು. ಬೇಡವೆನಿಸಿದಾಗ ಅಸಿಟೋನಿನಿಂದ ಪೂರ್ತಿ ತೆಗೆಯಲೂ ಬರುತ್ತದೆ. ಮಾರುವ ಸಾಮಾನಿಗೆ ಹಚ್ಚುವ ಮೊದಲು ಒಂದು ಚೂರಿನ ಮೇಲೆ ಹಚ್ಚಿ ಕಪ್ಪಿನ ಛಾಯೆ ಬದಲಾಗುತ್ತದೆಯೇ ನೋಡಿ.

ಟೈಟಾನಿಯಾ ಬಿಟ್ಟು ನೇರವಾಗಿ ಯಿಟ್ರಿಯಾ-ಜಿರ್ಕೋನಿಯಾ ಶುರು ಮಾಡಬಹುದೇ?
— ಸಂಶೋಧನಾ ವಿದ್ಯಾರ್ಥಿ, ಯಾದಗಿರಿ

ಟೈಟಾನಿಯಾದಲ್ಲಿ ದಪ್ಪವೂ ಹರಳು ರೂಪವೂ ದಿನದಿನಕ್ಕೆ ಒಂದೇ ರೀತಿ ಬರುವವರೆಗೆ ಬೇಡ. ಜಿರ್ಕೋನಿಯಂ ಮತ್ತು ಯಿಟ್ರಿಯಂನ ಡಿಪಿಎಂ (ಲೋಹಕ್ಕೆ ಅಂಟಿದ ಒಂದು ಸಾವಯವ ಗುಂಪು) ಪ್ರಿಕರ್ಸರುಗಳು ಘನ ಪುಡಿಗಳು. ಜಿರ್ಕೋನಿಯಂನದನ್ನು 200-250 ಡಿಗ್ರಿಯ ಸುಮಾರಿಗೆ, ಯಿಟ್ರಿಯಂನದನ್ನು ಅದಕ್ಕಿಂತ ಕಡಿಮೆ ಬಿಸಿಯಲ್ಲಿ ಆವಿ ಮಾಡಬೇಕು. ಆಚೆಯ ಕೊಳವೆ, ವಾಲ್ವ್ ಎಲ್ಲವೂ ಅದಕ್ಕಿಂತ ಬಿಸಿ ಇರಬೇಕು, ರಬ್ಬರ್ ಸೀಲ್ ಇರುವ ವಾಲ್ವ್ ಅಲ್ಲಿ ನಿಲ್ಲುವುದಿಲ್ಲ. ಪುಡಿ ಖಾಲಿಯಾಗುತ್ತಾ ಗಟ್ಟಿಯಾಗುತ್ತಾ ಬಂದಂತೆ ಮೇಲ್ಮೈ ಕಡಿಮೆಯಾಗಿ ಆವಿಯೂ ಇಳಿಯುತ್ತದೆ, ಹಾಗಾಗಿ ಬೆಳಿಗ್ಗೆಯ ಸಂಯೋಜನೆ ಸಂಜೆಗೆ ಇರುವುದಿಲ್ಲ. ಪ್ರತಿ ಸಲ ತೂಗಿದ ಹೊಸ ಪುಡಿ ಹಾಕಿ, ಮುಗಿದ ಮೇಲೆ ಉಳಿದದ್ದನ್ನು ತೂಗಿ. 8 ಮೋಲ್ ಶೇಕಡಾ ಯಿಟ್ರಿಯಾ ಬೇಕೆಂದರೆ ಪದರದ ಲೋಹದ ಪರಮಾಣುಗಳಲ್ಲಿ ಯಿಟ್ರಿಯಂ ಶೇ. 14.8 ಇರಬೇಕು, 8 ಅಲ್ಲ. ಒಂದು ಯಿಟ್ರಿಯಾದಲ್ಲಿ ಎರಡು ಯಿಟ್ರಿಯಂ ಇರುವುದನ್ನು ಮರೆತು ಅರ್ಧದಷ್ಟೇ ಹಾಕುವವರು ಬಹಳ.

ಇಂಥ ಸೆಟಪ್ಪಿಗೆ ಕಣ್ಣಿನ ರಕ್ಷಣೆ ಹೇಗೆ? ಉಳಿದ ಪ್ರಿಕರ್ಸರ್ ಏನು ಮಾಡಬೇಕು?
— ಪದವಿಪೂರ್ವ ಕಾಲೇಜು ಶಿಕ್ಷಕಿ, ಹುಮನಾಬಾದ್

ಕಾರ್ಬನ್ ಡೈಆಕ್ಸೈಡ್, ಎನ್‌ಡಿ-ಯಾಗ್ ಎರಡೂ ಲೇಸರಿನ ಕಿರಣ ಕಣ್ಣಿಗೆ ಕಾಣದು. ಮೊದಲನೆಯದರ 10.6 ಮೈಕ್ರಾನ್ ಕಾರ್ನಿಯಾವನ್ನು ಸುಡುತ್ತದೆ. ಎನ್‌ಡಿ-ಯಾಗಿನ 1064 ನ್ಯಾನೊಮೀಟರ್ ನೇರ ರೆಟಿನಾಕ್ಕೆ ಹೋಗಿ ಕೂಡುತ್ತದೆ, ನೋವೂ ಆಗದೆ ದೃಷ್ಟಿ ಹೋಗಬಹುದು. ಒಂದಕ್ಕೆ ಮಾಡಿದ ಕನ್ನಡಕ ಇನ್ನೊಂದಕ್ಕೆ ನಡೆಯದು, ಗಾಜಿನ ಮೇಲೆ ಬರೆದ ತರಂಗಾಂತರ ಓದಿಯೇ ಹಾಕಿಕೊಳ್ಳಿ. ಕಿರಣದ ದಾರಿ ಪೂರ್ತಿ ಲೋಹದ ಪೆಟ್ಟಿಗೆಯೊಳಗಿರಲಿ, ಮುಚ್ಚಳ ತೆರೆದರೆ ಲೇಸರ್ ಆರುವ ಇಂಟರ್‌ಲಾಕ್ ಇರಲಿ. ಬಳೆ, ಉಂಗುರ, ಗಡಿಯಾರ ತೆಗೆದಿಡಿ, ಅವುಗಳಿಂದ ಚಿಮ್ಮಿದ ಕಿರಣವೂ ಅಪಾಯವೇ. ಜಿಂಕ್ ಸೆಲೆನೈಡ್ ಮಸೂರ ಒಡೆದರೆ ಅಥವಾ ಸುಟ್ಟರೆ ಅದರ ಪುಡಿ, ಹೊಗೆ ವಿಷ. ಒದ್ದೆ ಬಟ್ಟೆಯಿಂದ, ಕೈಗವಸು ಹಾಕಿ ತೆಗೆಯಿರಿ, ಗುಡಿಸಬೇಡಿ.

ಟೈಟಾನಿಯಂ ಐಸೊಪ್ರೊಪಾಕ್ಸೈಡಿನ ಆವಿ ಸುಮಾರು 45 ಡಿಗ್ರಿಯಲ್ಲೇ ಕಿಡಿಗೆ ಹೊತ್ತಿಕೊಳ್ಳುವ ಮಟ್ಟಕ್ಕೆ ಬರುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ತಗಡಿನ ಮಾಡಿನ ಕೋಣೆ ಅಷ್ಟು ಕಾಯುವುದು ಕಷ್ಟವಲ್ಲ, ಬಾಟಲಿಯನ್ನು ತಂಪಾದ ಕಡೆ ಇಡಿ. ಉಳಿದದ್ದಕ್ಕೆ ನೇರವಾಗಿ ನೀರು ಸುರಿಯಬೇಡಿ. ಫ್ಯೂಮ್ ಹುಡ್ಡಿನಲ್ಲಿ, ಹತ್ತು ಪಟ್ಟು ಐಸೊಪ್ರೊಪೈಲ್ ಆಲ್ಕೊಹಾಲಿಗೆ ಹನಿಹನಿಯಾಗಿ ಸೇರಿಸಿ ಕಲಕಿ, ಆಮೇಲೆ ನೀರನ್ನೂ ಹನಿಹನಿಯಾಗಿಯೇ ಬಿಡಿ. ಬಿಳಿ ಗಷ್ಟು ಪೂರ್ತಿ ಕೆಳಗಿಳಿದ ಮೇಲೆ ಸೋಸಿ, ಗಷ್ಟನ್ನೂ ಆಲ್ಕೊಹಾಲನ್ನೂ ಬೇರೆ ಬೇರೆ ಡಬ್ಬಿಗೆ ಹಾಕಿ, ಚೀಟಿ ಅಂಟಿಸಿ ರಾಸಾಯನಿಕ ತ್ಯಾಜ್ಯಕ್ಕೆ ಕೊಡಿ. ಸಿಂಕಿಗೆ ಸುರಿದರೆ ಪೈಪಿನೊಳಗೇ ಗಟ್ಟಿಯಾಗುತ್ತದೆ.